ಅಪ್ಪನ ಪಾಲಿನ ತುಂಡು

ಮನೆಯವರಿಗಾಗಿ ಕೈಯಾರೆ ಸಿಹಿ ಮಾಡುವವನ ಮನಸ್ಸಿನಲ್ಲಿ ಒಂದು ಸಣ್ಣ ಅಹಂಕಾರ ಇದ್ದೇ ಇರುತ್ತದೆ. ತಾನು ಕೊಡುವವನು, ಉಳಿದವರು ಪಡೆಯುವವರು ಎಂಬ ಅಹಂಕಾರ ಅದು. ಕಳೆದ ವರ್ಷ ನನ್ನ ಈ ಅಹಂಕಾರ ಒಂದು ಚಾಕೊಲೇಟ್ ಕೇಕಿನ ನೆಪದಲ್ಲಿ ಮುರಿಯಿತು. ಮುರಿದವರು ನನ್ನ ತಂದೆ. ಅಂದಿನಿಂದ ಒಂದು ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿದೆ: ನಾವು ಪ್ರೀತಿಸುವವರಿಗೆ, ಅವರ ಒಳ್ಳೆಯದಕ್ಕೆಂದು, ಸುಳ್ಳನ್ನು ಬಡಿಸಬಹುದೆ? ಪ್ರಶ್ನೆ ದೊಡ್ಡದು, ಸಂದರ್ಭ ಚಿಕ್ಕದು. ಆದರೆ ನನ್ನಂಥ ಗುಮಾಸ್ತನ ಬಾಳಿನಲ್ಲಿ ದೊಡ್ಡ ಪ್ರಶ್ನೆಗಳು ಚಿಕ್ಕ ಸಂದರ್ಭಗಳ ವೇಷದಲ್ಲಿಯೇ ಬರುತ್ತವೆ.

ಮೊದಲು ಕೇಕಿನ ವಿಷಯ ಹೇಳಿಬಿಡುತ್ತೇನೆ. ನಾನು ಓದಿದ್ದು ಬಿ.ಎಸ್ಸಿ. ಅದರಲ್ಲಿ ರಸಾಯನ ಶಾಸ್ತ್ರ ನನ್ನ ಮೆಚ್ಚಿನ ವಿಷಯ. ಆದರೆ ಇಪ್ಪತ್ತು ವರ್ಷಗಳಿಂದ ಮುಂಬಯಿಯ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ನನಗೆ ಬ್ಯೂರೆಟ್ಟು, ಪಿಪೆಟ್ಟುಗಳ ನೆನಪಷ್ಟೇ ಉಳಿದಿದೆ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ಬೋನಸ್ಸಿನಲ್ಲಿ ಒಂದು ಚಿಕ್ಕ ವಿದ್ಯುತ್ ಓವನ್ ಕೊಂಡೆ. ಅಂದಿನಿಂದ ನಮ್ಮ ಎರಡು ಕೋಣೆಗಳ ವಸತಿಗೃಹದ ಅಡಿಗೆಮನೆಯೇ ನನ್ನ ಭಾನುವಾರದ ಪ್ರಯೋಗಶಾಲೆ. ನಮ್ಮಲ್ಲಿ ಕೇಕಿಗೆ ಮೊಟ್ಟೆ ಹಾಕುವುದಿಲ್ಲ. ಮೊಸರಿನ ಹುಳಿಗೆ ಅಡಿಗೆ ಸೋಡಾ ಸೇರಿದಾಗ ಹುಟ್ಟುವ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ. ಮೈದಾ 180 ಗ್ರಾಂ, ಸಕ್ಕರೆ 200, ಬೆಣ್ಣೆ 100, ಕೋಕೋ ಪುಡಿ 40. ಶಾಖ 180 ಡಿಗ್ರಿ. ಹೊತ್ತು ಸುಮಾರು ಮುಕ್ಕಾಲು ಗಂಟೆ. ಮೇಲೆ ಚಾಕೊಲೇಟ್ ಕರಗಿಸಿ, ಕೆನೆ ಸೇರಿಸಿ ಸುರಿಯುವುದು. ನಾನು ತಕ್ಕಡಿ ಹಿಡಿದು ಗ್ರಾಂ ಲೆಕ್ಕದಲ್ಲಿ ತೂಗುವುದನ್ನು ಕಂಡು ನನ್ನ ಹೆಂಡತಿ, "ನೀವು ಕೇಕ್ ಮಾಡುತ್ತಿದ್ದೀರೋ, ಔಷಧಿ ಅರೆಯುತ್ತಿದ್ದೀರೋ?" ಎಂದು ನಗುತ್ತಾಳೆ. ಮಗಳು ಮಾತ್ರ ನಗುವುದಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಹಿಟ್ಟಿನ ಮೇಲೆ ಅವಳ ಕಣ್ಣು.

ಮೊದಮೊದಲು ಅಂಗಡಿಯಿಂದ ತಂದ 'ಕಂಪೌಂಡ್' ಎಂಬ ಗಟ್ಟಿಯನ್ನೇ ಚಾಕೊಲೇಟ್ ಎಂದು ನಂಬಿ ಬಳಸುತ್ತಿದ್ದೆ. ಒಂದು ದಿನ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಾಗ ನಿಜ ತಿಳಿಯಿತು. ಅದರಲ್ಲಿ ಕೋಕೋ ಬೆಣ್ಣೆಯ ಬದಲಿಗೆ ಬೇರೆ ಸಸ್ಯದ ಕೊಬ್ಬು ಇತ್ತು. ಕೋಕೋ ಬೆಣ್ಣೆಯ ಗುಣ ವಿಚಿತ್ರ. ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ನಮ್ಮ ಮೈಯ ಶಾಖ 37. ಆದುದರಿಂದಲೇ ನಿಜವಾದ ಚಾಕೊಲೇಟು ಮುರಿಯುವಾಗ ಗಟ್ಟಿ, ನಾಲಗೆಯ ಮೇಲೆ ನೀರು. ನಾನು ತರುತ್ತಿದ್ದ ಗಟ್ಟಿ ಹಾಗೆ ಕರಗುತ್ತಿರಲಿಲ್ಲ; ಮೇಣದಂತೆ ಅಂಗುಳಿಗೆ ಅಂಟುತ್ತಿತ್ತು. ಇಷ್ಟು ದಿನ ಒಂದರ ಹೆಸರಿನಲ್ಲಿ ಇನ್ನೊಂದನ್ನು ತಿಂದೆವಲ್ಲ ಎಂದು ನನಗೆ ಸಿಟ್ಟು ಬಂತು. ಮನೆಯಲ್ಲಿ ಒಂದು ಭಾಷಣವನ್ನೇ ಮಾಡಿದೆ. ಆ ಭಾಷಣ ಮುಂದೆ ನನ್ನ ಕೊರಳಿಗೇ ಸುತ್ತಿಕೊಂಡೀತೆಂದು ಆಗ ತಿಳಿದಿರಲಿಲ್ಲ.

ಇನ್ನು ನನ್ನ ತಂದೆಯವರ ವಿಷಯ. ಅವರಿಗೆ ಈಗ ಎಪ್ಪತ್ತಾರು ವರ್ಷ. ಪುತ್ತೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಣ್ಣ ಅಡಿಕೆ ತೋಟ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದ ಓದುಗರಿಗಾಗಿ ಹೇಳುತ್ತೇನೆ: ಅಡಿಕೆ ಮರಗಳ ನೆರಳಿನಲ್ಲಿ ಕೋಕೋ ಗಿಡ ಸೊಗಸಾಗಿ ಬೆಳೆಯುತ್ತದೆ. ನಮ್ಮ ತೋಟದಲ್ಲಿಯೂ ಇತ್ತು. ಕಾಯಿ ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ. ಬೀಜಗಳ ಸುತ್ತ ಬಿಳಿಯ ಲೋಳೆ. ಹುಡುಗರಾಗಿದ್ದಾಗ ನಾವು ಆ ಹುಳಿಸಿಹಿ ಲೋಳೆಯನ್ನು ಚೀಪಿ ಬೀಜ ಉಗುಳುತ್ತಿದ್ದೆವು. ಬೆಲೆ ಇರುವುದು ಉಗುಳಿದ್ದಕ್ಕೇ ಎಂದು ಅಪ್ಪ ಗದರುತ್ತಿದ್ದರು. ಆ ಬೀಜವನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದಾಗಲೇ ನಮಗೆ ಪರಿಚಯವಿರುವ ಚಾಕೊಲೇಟಿನ ಪರಿಮಳ ಹುಟ್ಟುವುದು. ಆದರೆ ಅಪ್ಪ ಹಸಿ ಬೀಜವನ್ನೇ ತೂಕಕ್ಕೆ ಹಾಕಿ ಬರುತ್ತಿದ್ದರು. ಮುಂದಿನದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ನಾನು ಹುಟ್ಟಿದ ಕಾಲಕ್ಕೆ, ಎಂದರೆ 1980ರ ಸುಮಾರಿಗೆ, ಲೋಕದ ಪೇಟೆಯಲ್ಲಿ ಕೋಕೋ ಬೆಲೆ ಕುಸಿಯಿತು. ಅಲ್ಲಿಯವರೆಗೆ ಕೊಳ್ಳುತ್ತಿದ್ದ ಕಂಪೆನಿ ಹಿಂದೆ ಸರಿಯಿತು. ಎಷ್ಟೋ ಮಂದಿ ಗಿಡಗಳನ್ನೇ ಕಡಿದು ಹಾಕಿದರು. ಆಗ ಕೈ ಹಿಡಿದದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. ಅದು ಕೋಕೋ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಪ್ಪ ಗಿಡ ಕಡಿಯದೆ ಉಳಿಸಿಕೊಂಡವರಲ್ಲೊಬ್ಬರು. ಪೇಟೆಯಿಂದ ಬರುವಾಗ ಒಮ್ಮೊಮ್ಮೆ ಒಂದು ಚಾಕೊಲೇಟು ತರುತ್ತಿದ್ದರು. ಅದನ್ನು ನಾವು ಮೂವರು ಮಕ್ಕಳು ಹಂಚಿಕೊಳ್ಳುತ್ತಿದ್ದೆವು. ಅಪ್ಪ ತಮ್ಮ ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅಪ್ಪ ಒಂದು ತಿಂಗಳು ನಮ್ಮಲ್ಲಿ ಇರಲು ಬಂದರು. ಅಷ್ಟರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಹಿಡಿದು ಹತ್ತು ವರ್ಷಗಳಾಗಿದ್ದುವು. ಮಗಳ ಹುಟ್ಟುಹಬ್ಬ ಬಂತು. ನಾನು ಹಿಂದಿನ ದಿನವೇ ಕೇಕಿನ ಸಿದ್ಧತೆಗೆ ತೊಡಗಿದೆ. ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಕೋಕೋ ಪುಡಿಯ ಡಬ್ಬಿ ತೆಗೆದು ಮೂಸಿದರು. ಚಾಕೊಲೇಟ್ ಕರಗುವುದನ್ನು ಮಗುವಿನಂತೆ ನೋಡಿದರು. "ನಲವತ್ತು ವರ್ಷ ಬೆಳೆದೆ ಮಗಾ. ಅದರಲ್ಲಿ ಎಂತ ಮಾಡುತ್ತಾರೆ ಅಂತ ಕಣ್ಣಾರೆ ನೋಡುವುದು ಇದೇ ಮೊದಲು. ನಾಳೆ ನನಗೂ ಒಂದು ತುಂಡು ಇರಲಿ" ಎಂದರು.

ನಾನು "ಆಯಿತಪ್ಪ" ಎಂದೆ. ಆದರೆ ನನ್ನ ಗುಮಾಸ್ತ ಬುದ್ಧಿ ಕೂಡಲೆ ಲೆಕ್ಕ ಹಾಕಿತು. ಇನ್ನೂರು ಗ್ರಾಂ ಸಕ್ಕರೆಯನ್ನು ಎಂಟು ತುಂಡಿಗೆ ಹಂಚಿದರೆ ತುಂಡಿಗೆ ಇಪ್ಪತ್ತೈದು ಗ್ರಾಂ, ಅಂದರೆ ಐದಾರು ಚಮಚ. ಮೇಲಿನ ಚಾಕೊಲೇಟಿನದು ಬೇರೆ. ಕೊಡುವುದು ಹೇಗೆ? ಇಲ್ಲವೆನ್ನುವುದು ಹೇಗೆ? ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಒಂದು ಚಿಕ್ಕ ಬಟ್ಟಲಲ್ಲಿ ಬೇರೆಯೇ ಕೇಕ್ ಮಾಡಿದೆ. ಗೋದಿ ಹಿಟ್ಟು, ಸಕ್ಕರೆಯ ಬದಲಿಗೆ ಮಧುಮೇಹಿಗಳಿಗೆಂದು ಮಾರುವ ಸಿಹಿ ಪುಡಿ, ಮೇಲೆ ಚಾಕೊಲೇಟಿನ ಬದಲು ಹಾಲಿನಲ್ಲಿ ಕಲಸಿದ ಕೋಕೋ. ಮರುದಿನ ಸಂಜೆ ಅದನ್ನು ಒಳಗೇ ಕತ್ತರಿಸಿ, ದೊಡ್ಡ ಕೇಕಿನ ತುಂಡುಗಳ ಜೊತೆಗೆ ತಂದು, ಅಪ್ಪನ ಕೈಗಿತ್ತು, "ತಗೊಳ್ಳಿ ಅಪ್ಪ, ನಿಮ್ಮ ಕೋಕೋದ್ದೇ" ಎಂದೆ. ಎಲ್ಲರೂ ನಕ್ಕರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಪ್ಪ ಒಂದು ಚೂರು ಬಾಯಿಗಿಟ್ಟು ಸುಮ್ಮನೆ ಅಗಿದರು. ಅಷ್ಟರಲ್ಲಿ ಮಗಳು ಓಡಿಬಂದು, "ಅಜ್ಜ, ನನ್ನ ಕೈಯಿಂದ ಒಂದು ತುತ್ತು" ಎಂದು ತನ್ನ ತಟ್ಟೆಯಿಂದ ಅವರ ಬಾಯಿಗೆ ಹಾಕಿಬಿಟ್ಟಳು. ಅಪ್ಪ ಅವಳ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಏನೂ ಹೇಳಲಿಲ್ಲ. ನಾನು ಕೊಟ್ಟದ್ದನ್ನು ಪೂರ್ತಿ ತಿಂದು ಮುಗಿಸಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಕಾಲೊನಿಯಲ್ಲಿ ತಿರುಗಾಡಲು ಹೋದಾಗ, ಹಾಲಿನ ಅಂಗಡಿ ದಾಟಿದ ಮೇಲೆ ಮೆಲ್ಲಗೆ ಹೇಳಿದರು: "ಕೊಡಲಿಕ್ಕಿಲ್ಲ ಅಂತಾದರೆ ಕೊಡಲಿಕ್ಕಿಲ್ಲ ಅಂತ ಹೇಳು ಮಗಾ. ನನಗೆ ಬೇಸರ ಇಲ್ಲ. ಆದರೆ ಬೇರೆ ಎಂತದೋ ಕೊಟ್ಟು, ಇದೇ ಅದು ಅಂತ ಹೇಳಬೇಡ."

ಓದುಗ ಮಿತ್ರರೆ, ಅಪ್ಪ ಒಂದು ಪೆಟ್ಟು ಕೊಟ್ಟಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಕಂಪೌಂಡಿನ ಬಗ್ಗೆ ನಾನು ಮಾಡಿದ ಭಾಷಣ ನೆನಪಾಯಿತು. ಆ ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಾದರೂ ಸತ್ಯವನ್ನು ಬರೆದಿದ್ದರು. ನನ್ನ ತಟ್ಟೆಯ ಮೇಲೆ ಅದೂ ಇರಲಿಲ್ಲ.

ನನ್ನ ಪರವಾಗಿ ವಾದವೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ನಾನೇ ಮನಸ್ಸಿನಲ್ಲಿ ಬಹಳ ದಿನ ಆ ವಾದವನ್ನು ಹೂಡಿದ್ದೇನೆ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಅಮ್ಮ ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಅಡಗಿಸಿ ಕೊಟ್ಟಿದ್ದಳು. ಅದನ್ನು ಯಾರೂ ಮೋಸವೆನ್ನುವುದಿಲ್ಲ, ವಾತ್ಸಲ್ಯವೆನ್ನುತ್ತಾರೆ. ಹಾಗಾದರೆ ಹೆತ್ತವರು ಮುದುಕರಾದಾಗ ಅದೇ ವಾತ್ಸಲ್ಯವನ್ನು ಮಕ್ಕಳು ತೋರಿದರೆ ತಪ್ಪೇನು? ತಪ್ಪು ಇಲ್ಲಿದೆ. ಮೂರು ವರ್ಷದ ಮಗುವಿಗೆ ಮಾತ್ರೆ ಎಂದರೇನು, ಜ್ವರ ಎಂದರೇನು ಎಂದು ಬಿಡಿಸಿ ಹೇಳಿದರೂ ಅರ್ಥವಾಗದು. ನನ್ನ ತಂದೆಗೆ ಅರ್ಥವಾಗುತ್ತದೆ. ಅವರು ತಮ್ಮ ಗುಳಿಗೆಗಳನ್ನು ತಾವೇ ಎಣಿಸಿ ನುಂಗುವವರು, ಒಂದು ತೋಟವನ್ನು ಐವತ್ತು ವರ್ಷ ನಡೆಸಿದವರು. ಬುದ್ಧಿ ಮಸುಕಾಗಿ, ಹೇಳಿದ್ದು ತಿಳಿಯದ ಸ್ಥಿತಿ ಹಿರಿಯರಿಗೆ ಬಂದರೆ ಆ ಮಾತು ಬೇರೆ. ಬರುವ ಮೊದಲೇ ಬಂದಿದೆಯೆಂದು ನಾವು ತೀರ್ಮಾನಿಸಿಬಿಡುವುದು ಅವರ ಬಾಳಿನಿಂದ ಕೆಲವು ವರ್ಷಗಳನ್ನು ಕಿತ್ತುಕೊಂಡಂತೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ನನಗೆ ಹತ್ತಿರದವನೆನಿಸಲು ಒಂದು ಕಾರಣ, ಅವನೂ ಗುಮಾಸ್ತನಾಗಿಯೇ ಉದ್ಯೋಗಕ್ಕೆ ಸೇರಿದವನೆಂಬುದು. 1823ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಗೆ ಸೇರಿ 1858ರವರೆಗೆ ಅಲ್ಲಿಯೇ ಇದ್ದ. ಸ್ವಾತಂತ್ರ್ಯವನ್ನು ಕುರಿತ ಅವನ ಹೆಸರಾಂತ ಪುಸ್ತಕ ಹೊರಬಂದದ್ದು 1859ರಲ್ಲಿ. ಪ್ರೌಢನಾದವನಿಗೆ ಅವನ ಒಳ್ಳೆಯದರ ಬಗ್ಗೆ ತಿಳಿಹೇಳಬಹುದು, ಬೇಡಿಕೊಳ್ಳಬಹುದು, ವಾದಿಸಬಹುದು. ಆದರೆ ಅವನ ಒಳ್ಳೆಯದಕ್ಕೆಂಬ ಒಂದೇ ಕಾರಣದಿಂದ ಅವನನ್ನು ಬಲವಂತಪಡಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ತಿರುಳು. ಎಷ್ಟು ಉದಾರವಾದ ಮಾತು! ಆದರೆ ಅದೇ ಪುಸ್ತಕದಲ್ಲಿ ಅವನು ಈ ನಿಯಮದಿಂದ ಮಕ್ಕಳನ್ನು ಹೊರಗಿಟ್ಟ. ಜೊತೆಗೆ ತಾನು ಹಿಂದುಳಿದವೆಂದು ಎಣಿಸಿದ ಸಮಾಜಗಳನ್ನೂ ಹೊರಗಿಟ್ಟ. ಅವರ ಏಳಿಗೆಯೇ ಗುರಿಯಾಗಿದ್ದರೆ ಅವರ ಮೇಲೆ ನಿರಂಕುಶ ಆಳ್ವಿಕೆಯೂ ಸಲ್ಲುತ್ತದೆಂದ. ಅವನು ಯಾರ ಆಳ್ವಿಕೆಯ ಕಾಗದ ಬರೆಯುತ್ತಿದ್ದನೋ ಆ ನಮ್ಮ ದೇಶವೂ ಅವನ ಎಣಿಕೆಯಲ್ಲಿ ಅತ್ತ ಕಡೆಗೇ ಬಿತ್ತು. ಕಾಲೇಜಿನ ದಿನಗಳಲ್ಲಿ ಇದನ್ನು ಓದಿ ನನ್ನ ರಕ್ತ ಕುದಿದಿತ್ತು. ನಲವತ್ತು ದಾಟಿದ ಮೇಲೆ ನಾನು ನನ್ನ ಮನೆಯಲ್ಲಿ ಮಾಡಿದ್ದೇನು? "ಎಲ್ಲರಿಗೂ ಸ್ವಾತಂತ್ರ್ಯ, ಆದರೆ ಅಪ್ಪ ಈಗ ಮಗುವಿದ್ದ ಹಾಗೆ" ಎಂದು ಒಂದು ವಿನಾಯಿತಿ ಬರೆದುಕೊಂಡೆ. ಇಂಥ ವಿನಾಯಿತಿಗಳನ್ನು ಬರೆಯುವವರು ಯಾವಾಗಲೂ ಪ್ರೀತಿಯ ಹೆಸರಿನಲ್ಲಿಯೇ ಬರೆಯುತ್ತಾರೆ.

ನಮ್ಮ ಹಿರಿಯರು ಈ ವಿಷಯವನ್ನು ಬೇರೊಂದು ಬಗೆಯಲ್ಲಿ ಯೋಚಿಸಿದ್ದಾರೆ. ಕಠೋಪನಿಷತ್ತಿನಲ್ಲಿ ಯಮ ಬಾಲಕನಾದ ನಚಿಕೇತನಿಗೆ ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂದು ತಿಳಿಸುತ್ತಾನೆ. ನಾಲಗೆಗೆ ಹಿತವಾದದ್ದು ಒಂದು, ಬಾಳಿಗೆ ಹಿತವಾದದ್ದು ಇನ್ನೊಂದು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದಕ್ಕೆ ಭಾಷ್ಯವೇ ಬೇಡ. ಆದರೆ ಆ ಕಥೆಯಲ್ಲಿ ನಾನು ಈ ಮೊದಲು ಗಮನಿಸದಿದ್ದ ಒಂದು ಸಂಗತಿ ಇದೆ. ಯಮ ಸಂಪತ್ತು, ಆಯುಷ್ಯ, ಭೋಗ ಎಲ್ಲವನ್ನೂ ನಚಿಕೇತನ ಮುಂದೆ ತೆರೆದಿಟ್ಟ. ಬೇಡವೆಂದು ಬಿಟ್ಟವನು ನಚಿಕೇತ. ಯಮನಂಥ ಯಮನೂ ಪ್ರೇಯಸ್ಸಿನ ಹೆಸರು ಹೇಳಿ ಶ್ರೇಯಸ್ಸನ್ನು ಗುಟ್ಟಾಗಿ ಬಡಿಸಲಿಲ್ಲ. ಹಾಗೆ ಮಾಡಿದ್ದರೆ ನಚಿಕೇತ ಆರಿಸಿಕೊಂಡಂತೆ ಆಗುತ್ತಿರಲಿಲ್ಲ. ಆರಿಸದೆ ಸಿಕ್ಕಿದ ಒಳಿತಿನಿಂದ ಮನುಷ್ಯ ದೊಡ್ಡವನಾಗುವುದಿಲ್ಲ. ನಾನು ಅಪ್ಪನಿಂದ ಕಸಿದುಕೊಂಡದ್ದು ಕೇಕಿನ ತುಂಡನ್ನಲ್ಲ, ಅದನ್ನು ಬೇಡವೆನ್ನುವ ಅವಕಾಶವನ್ನು.

ಇನ್ನೂ ಸ್ವಲ್ಪ ಕೆದಕಿ ನೋಡಿದರೆ ನನಗೆ ಹಿಡಿಸದ ಇನ್ನೊಂದು ನಿಜ ಹೊರಬೀಳುತ್ತದೆ. ಅಪ್ಪನ ಆರೋಗ್ಯವನ್ನು "ಇಲ್ಲ" ಎಂಬ ಮಾತೂ ಕಾಪಾಡುತ್ತಿತ್ತು. ಹಾಗಾದರೆ ಸುಳ್ಳು ಕಾಪಾಡಿದ್ದು ಯಾರನ್ನು? ನನ್ನನ್ನು. ಹುಟ್ಟುಹಬ್ಬದ ದಿನ ತಂದೆಗೆ ಇಲ್ಲವೆನ್ನುವ ಸಂಕಟದಿಂದ, ಅವರ ಮುಖ ಸಪ್ಪಗಾಗುವುದನ್ನು ನೋಡುವ ಕಷ್ಟದಿಂದ, ಕೊಡುವ ಮಗನೆಂಬ ಹೆಸರು ಕಳೆದುಕೊಳ್ಳುವ ಭಯದಿಂದ ಅದು ನನ್ನನ್ನು ಕಾಪಾಡಿತು. ತಮಾಷೆ ಎಂದರೆ, ಆರೋಗ್ಯದ ಲೆಕ್ಕದಲ್ಲಿಯೂ ನಾನು ಹೆಚ್ಚೇನೂ ಸಾಧಿಸಲಿಲ್ಲ. ಗೋದಿ ಹಿಟ್ಟಿನ ಪಿಷ್ಟವೂ ಹೊಟ್ಟೆಯೊಳಗೆ ಗ್ಲೂಕೋಸೇ ಆಗುತ್ತದೆಂಬುದು ಬಿ.ಎಸ್ಸಿ. ಓದಿದವನಿಗೆ ಮರೆತುಹೋಗಿತ್ತು. ಸಕ್ಕರೆ ಕೇಕಿಗೆ ಸಿಹಿಯನ್ನಷ್ಟೇ ಅಲ್ಲ, ನೀರನ್ನು ಹಿಡಿದಿಟ್ಟುಕೊಂಡು ಮೆದುತನವನ್ನೂ ಕೊಡುತ್ತದೆ. ಅದಿಲ್ಲದ ನನ್ನ ಕೇಕು ಮರದ ಹೊಟ್ಟಿನಂತಾಗಿತ್ತು. ಅದನ್ನು ಅಪ್ಪ ಕೊನೆಯ ಚೂರಿನವರೆಗೆ ತಿಂದಿದ್ದರು. ನನ್ನ ಮಾನ ಉಳಿಸಲು.

ಅಂದು ತಿರುಗಾಟದಿಂದ ಮರಳುವ ಮುಂಚೆ ನಾನು ಅಪ್ಪನ ಹತ್ತಿರ ತಪ್ಪೊಪ್ಪಿಕೊಂಡೆ. ಅವರು ತುಸು ಹೊತ್ತು ಸುಮ್ಮನಿದ್ದು, "ನಾನೂ ನಿನಗೆ ಹೇಳದ್ದು ಉಂಟು" ಎಂದರು. ಮಳೆಗಾಲದಲ್ಲಿ ತೋಟದ ಪಾಚಿಯ ಮೇಲೆ ಜಾರಿ ಬಿದ್ದು ಹದಿನೈದು ದಿನ ಮಲಗಿದ್ದರಂತೆ. ಸಕ್ಕರೆಯ ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಫೋನಿನಲ್ಲಿ ಪ್ರತಿ ಸಲವೂ ಕಡಿಮೆ ಮಾಡಿಯೇ ಹೇಳುತ್ತಿದ್ದರಂತೆ. "ದೂರದಲ್ಲಿದ್ದೀರಿ, ಸುಮ್ಮನೆ ಯಾಕೆ ತಲೆಬಿಸಿ ಅಂತ" ಎಂದರು. ನನಗೆ ಮಾತು ಹೊರಡಲಿಲ್ಲ. ನಾನಾದರೂ ಊರಿಗೆ ಫೋನು ಮಾಡಿದಾಗ ಹೇಳುವುದೇನು? ಇಲ್ಲಿ ಎಲ್ಲ ಸುಖ, ಕೆಲಸ ಹಗುರ, ಮಗಳು ಕ್ಲಾಸಿಗೆ ಮೊದಲು. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲಿಯೂ ಇದೇ ಕಥೆಯಲ್ಲವೆ? ಅತ್ತಲಿಂದ ಒಂದು ಸಿಹಿ ಸುಳ್ಳು, ಇತ್ತಲಿಂದ ಒಂದು ಸಿಹಿ ಸುಳ್ಳು. ಎರಡೂ ಪ್ರೀತಿಯಿಂದಲೇ ಹೊರಟವು. ಆದರೆ ವರ್ಷಗಳು ಕಳೆದಂತೆ ಒಬ್ಬರನ್ನೊಬ್ಬರು ಅರಿಯದವರಾಗುತ್ತೇವೆ. ಕೊನೆಗೆ ಒಂದು ರಾತ್ರಿ ಫೋನು ಬಂದಾಗ, "ಹೀಗಿತ್ತೆಂದು ನಮಗೆ ಗೊತ್ತೇ ಇರಲಿಲ್ಲ" ಎನ್ನುತ್ತೇವೆ. ಗೊತ್ತಾಗದಂತೆ ಏರ್ಪಾಡು ಮಾಡಿಕೊಂಡವರು ನಾವೇ.

ಆ ವಾರವೇ ಅಪ್ಪನನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಈ ಸಲ ನಿಜವಾದ ಅಂಕಿಗಳಿದ್ದುವು. ಔಷಧಿ ಬದಲಾಯಿತು. ಹೊರಡುವ ಮುನ್ನ ಅಪ್ಪ ತಾವಾಗಿಯೇ ಕೇಕಿನ ವಿಷಯ ಕೇಳಿದರು. ವೈದ್ಯರು ನಕ್ಕು, ಸಕ್ಕರೆ ಹತೋಟಿಗೆ ಬಂದ ಮೇಲೆ, ಆ ಹೊತ್ತಿನ ಊಟದ ಲೆಕ್ಕದೊಳಗೆ ಹಿಡಿದು, ಅಪರೂಪಕ್ಕೆ ಒಂದು ಸಣ್ಣ ತುಂಡು ಆಗಬಹುದೆಂದರು. ಇದು ನನ್ನ ತಂದೆಗೆ ಅವರ ವೈದ್ಯರು ಹೇಳಿದ ಮಾತು. ಓದುಗರು ತಮ್ಮ ಮನೆಯವರಿಗೆ ತಮ್ಮ ವೈದ್ಯರನ್ನೇ ಕೇಳಬೇಕು.

ಅಪ್ಪ ಊರಿಗೆ ಹೊರಡುವ ಹಿಂದಿನ ಭಾನುವಾರ ಮತ್ತೆ ಕೇಕ್ ಮಾಡಿದೆ. ಒಂದೇ ಕೇಕ್. ಗುಟ್ಟಾಗಿ ಏನನ್ನೂ ಮಾಡಲಿಲ್ಲ. ತಕ್ಕಡಿಯನ್ನೂ ಚಾಕುವನ್ನೂ ಅಪ್ಪನ ಮುಂದೆಯೇ ಇಟ್ಟೆ. "ಎಷ್ಟು ಕೊಯ್ಯಲಿ ಅಪ್ಪ? ಇದರಲ್ಲಿ ಸಕ್ಕರೆ ಇಷ್ಟಿದೆ" ಎಂದು ಲೆಕ್ಕ ಹೇಳಿದೆ. ಅವರು ಬೆರಳಿನಿಂದ ಗೆರೆ ಎಳೆದು ತೋರಿಸಿದರು. ನಾನು ಮನಸ್ಸಿನಲ್ಲಿ ಅಳೆದುಕೊಂಡದ್ದಕ್ಕಿಂತ ಅದು ಚಿಕ್ಕದಿತ್ತು. ಆ ರಾತ್ರಿ ಅವರು ಅನ್ನ ಮುಟ್ಟಲಿಲ್ಲ; ಯಾರೂ ಹೇಳಬೇಕಾಗಲಿಲ್ಲ.

ತುಂಡನ್ನು ಬಾಯಲ್ಲಿಟ್ಟುಕೊಂಡು ಕರಗುವವರೆಗೆ ಕಣ್ಣು ಮುಚ್ಚಿ ಕುಳಿತರು. "ಕಹಿ ಉಂಟು" ಎಂದರು ಕೊನೆಗೆ, "ಒಳ್ಳೆ ಕಹಿ. ನಮ್ಮ ಬೀಜದಲ್ಲಿ ಇಷ್ಟೆಲ್ಲ ಇತ್ತು ಅಂತ ಗೊತ್ತಿರಲಿಲ್ಲ." ಮಗಳು ಇನ್ನೊಂದು ತುಂಡು ಹಿಡಿದು ಬಂದಾಗ ಅವಳ ಕೈಯನ್ನು ಮೆಲ್ಲಗೆ ಸರಿಸಿ, "ಸಾಕು ಪುಟ್ಟಿ, ಅಜ್ಜನ ಪಾಲು ಆಯಿತು" ಎಂದರು.

ಈಗ ವಾರಕ್ಕೊಮ್ಮೆ ಫೋನಿನಲ್ಲಿ ಅಪ್ಪ ಮೊದಲು ಸಕ್ಕರೆಯ ಅಂಕಿ ಹೇಳುತ್ತಾರೆ. ಅದು ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಕೇಳಿ ನನಗೆ ಗಾಬರಿಯಾಗುವುದೂ ಉಂಟು. ಆದರೂ ನಿಜವಾದ ಅಂಕಿ ಕೇಳಿ ಗಾಬರಿಯಾಗುವ ಹಕ್ಕು ಮಗನದೆಂದು ಈಗ ತಿಳಿದಿದ್ದೇನೆ. ಆಮೇಲೆ ಅವರು ನನ್ನ ಸರದಿ ಎಂಬಂತೆ ಕೇಳುತ್ತಾರೆ: "ಅಲ್ಲಿ ಹೇಗೆ? ಇದ್ದದ್ದು ಇದ್ದ ಹಾಗೆ ಹೇಳು." ನಾನು ಹೇಳುತ್ತೇನೆ.